ಮೊದಲು ಚಟ ಬಿಡು, ಆಮೇಲೆ ನೋಡೋಣ ಎನ್ನುವುದು ಚಿಕಿತ್ಸೆಯೇ?

1968ರಲ್ಲಿ ಸ್ವೀಡನ್ನಿನ ಔಷಧ ಮಾರುಕಟ್ಟೆಯಿಂದ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಮಾತ್ರೆ ಹೊರಬಿತ್ತು. ರಿಟಲಿನ್ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾದದ್ದು ಇದೇ ಮಾತ್ರೆ. ಅದನ್ನು ದುರುಪಯೋಗ ಮಾಡುವವರ ಹಾವಳಿ ಆ ದೇಶದಲ್ಲಿ ಆ ಮಟ್ಟಕ್ಕೆ ಹೋಗಿತ್ತು. ಆಂಫೆಟಮಿನ್, ಫೆನ್ಮೆಟ್ರಜಿನ್‌ನಂಥ ಉತ್ತೇಜಕಗಳನ್ನು ರಕ್ತನಾಳಕ್ಕೆ ಚುಚ್ಚಿಕೊಳ್ಳುವ ಚಟ ಸ್ಟಾಕ್‌ಹೋಮ್‌ನ ಬೀದಿಗಳಲ್ಲಿ ಹಬ್ಬಿದ್ದ ಕಾಲ ಅದು. 1965ರಿಂದ 1967ರವರೆಗೆ ಅಲ್ಲಿ ಇನ್ನೊಂದು ಪ್ರಯೋಗವೂ ನಡೆದು ಕೆಟ್ಟ ಹೆಸರು ತಂದಿತ್ತು. ಚಟಕ್ಕೆ ಬಿದ್ದವರಿಗೆ ವೈದ್ಯರೇ ಆಂಫೆಟಮಿನ್ ಮತ್ತು ಮಾರ್ಫಿನ್ ಬರೆದುಕೊಡುವುದು, ಅವರು ಅದನ್ನು ಮನೆಗೆ ಒಯ್ಯುವುದು. ಒಯ್ದವರು ಗೆಳೆಯರಿಗೂ ಹಂಚಿದರು. ಹಾಗೆ ಹಂಚಿದ ಮದ್ದಿನಿಂದ ಒಬ್ಬ ಹುಡುಗಿ ಸತ್ತ ಮೇಲೆ ಪ್ರಯೋಗಕ್ಕೆ ತೆರೆಬಿತ್ತು.

ಅದೇ ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯ ಮೈಯಾ ಕೊನ್‌ಸ್ಟೇನಿಯಸ್ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಜೈಲಿನಿಂದ ಹೊರಬರಲಿದ್ದ 54 ಗಂಡಸರನ್ನು. ಎಲ್ಲರಿಗೂ ಆಂಫೆಟಮಿನ್ ಚಟ, ಎಲ್ಲರಿಗೂ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ, ದುಡುಕಿನ ತೊಂದರೆ. ಅವರಲ್ಲಿ ಅರ್ಧ ಜನಕ್ಕೆ ಕೊಟ್ಟದ್ದು ಅದೇ ಮೀಥೈಲ್‌ಫೆನಿಡೇಟ್. ಅದೂ ದಿನಕ್ಕೆ 180 ಮಿಲಿಗ್ರಾಂವರೆಗೆ, ಎಡಿಎಚ್‌ಡಿಗೆ ಮಾಮೂಲಾಗಿ ವಯಸ್ಕರಿಗೆ ಕೊಡುವ ಗರಿಷ್ಠ ಡೋಸಿನ ಎರಡೂವರೆ ಪಟ್ಟು.

ಮೇಲುನೋಟಕ್ಕೆ ಇದು ಬೆಂಕಿಗೆ ತುಪ್ಪ ಸುರಿದ ಹಾಗೆ. ಉತ್ತೇಜಕದ ಚಟ ಇರುವವನಿಗೆ ಉತ್ತೇಜಕವನ್ನೇ ಕೊಡುವುದೇ? ಇವತ್ತಿಗೂ ಬಹಳಷ್ಟು ಮನೋವೈದ್ಯರು ಇಲ್ಲಿಗೇ ನಿಲ್ಲುತ್ತಾರೆ, ನಿಂತು ಒಂದೇ ಮಾತು ಹೇಳುತ್ತಾರೆ: ಮೊದಲು ಚಟ ಬಿಡು, ಆಮೇಲೆ ಎಡಿಎಚ್‌ಡಿ ವಿಷಯ ನೋಡೋಣ. ಆ ಮಾತಿನಲ್ಲಿ ಕಾಳಜಿ ಇದೆ ನಿಜ. ಆದರೆ ಅದರಿಂದ ಆಗುವ ಹಾನಿ ಲೆಕ್ಕಕ್ಕೇ ಬರುತ್ತಿಲ್ಲ ಎನ್ನುವುದು ನನ್ನ ವಾದ.

ಮೊದಲಿಗೆ, ಈ ಎರಡೂ ತೊಂದರೆ ಒಟ್ಟಿಗೆ ಇರುವವರು ಎಷ್ಟು ಜನ? 2012ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮಾದಕವಸ್ತು ಅಥವಾ ಮದ್ಯದ ಚಟಕ್ಕೆ ಚಿಕಿತ್ಸೆಗೆ ಬಂದವರಲ್ಲಿ ಸುಮಾರು ಶೇ 23 ಮಂದಿಗೆ ಎಡಿಎಚ್‌ಡಿ ಇತ್ತು. ದೇಶದಿಂದ ದೇಶಕ್ಕೆ, ಬಳಸಿದ ಪರೀಕ್ಷೆಯಿಂದ ಪರೀಕ್ಷೆಗೆ ಈ ಅಂಕಿ ಏರುಪೇರಾಗುತ್ತದೆ. ಹೇಗೆ ಅಳೆದರೂ ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚೇ. ಸ್ವೀಡನ್ನಿನ ನೊರ್‌ಟೆಲ್ಯೆ ಜೈಲಿನಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿದ್ದ ಗಂಡಸರನ್ನು ಪರೀಕ್ಷಿಸಿದಾಗ ಸುಮಾರು ಶೇ 40 ಮಂದಿಯಲ್ಲಿ ಇದು ಕಂಡುಬಂತು. ಅವರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲಿ ಯಾರೂ ಇದನ್ನು ಗುರುತಿಸಿರಲಿಲ್ಲ.

ಗುರುತಿಸದೆ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಊಹಿಸುವುದು ಕಷ್ಟವಲ್ಲ. ತರಗತಿಯಲ್ಲಿ ಕೂರಲಾಗದ ಹುಡುಗ ಮನೆಯವರ ಬಾಯಲ್ಲಿ ಸೋಮಾರಿ, ಮೇಷ್ಟ್ರ ಬಾಯಲ್ಲಿ ಉಡಾಳ. ಪರೀಕ್ಷೆ ಕೈಕೊಡುತ್ತದೆ, ಹಿಡಿದ ಕೆಲಸ ನಿಲ್ಲುವುದಿಲ್ಲ, ಕೈಗೆ ಬಂದ ಸಂಬಳ ಕೈಯಲ್ಲಿ ಉಳಿಯುವುದಿಲ್ಲ. ಇಂಥವರು ಯೌವನದಲ್ಲಿ ಮೊದಲ ಸಲ ಆಂಫೆಟಮಿನ್ ತೆಗೆದುಕೊಂಡಾಗ ಕೆಲವರಿಗೆ ವಿಚಿತ್ರವಾದ ಅನುಭವವಾಗುತ್ತದೆ. ಸ್ನೇಹಿತರೆಲ್ಲ ಕುಣಿದಾಡುವಾಗ ಇವರಿಗೆ ತಲೆಯೊಳಗಿನ ಗದ್ದಲ ತಗ್ಗಿ ಸಮಾಧಾನವಾಗುತ್ತದೆ, ಒಂದು ಕೆಲಸವನ್ನು ಕೊನೆತನಕ ಮಾಡಲು ಸಾಧ್ಯವಾಗುತ್ತದೆ. ಚಿಕಿತ್ಸಾಲಯಗಳಲ್ಲಿ ವೈದ್ಯರು ಮತ್ತೆ ಮತ್ತೆ ಕೇಳುವ ವಿವರಣೆ ಇದು. ಮನುಷ್ಯ ತನ್ನ ನೋವಿಗೆ ತಾನೇ ಮದ್ದು ಹುಡುಕಿಕೊಳ್ಳುತ್ತಾನೆ ಎಂಬ ವಾದವನ್ನು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಮುಂದಿಟ್ಟರು. ಎಲ್ಲ ಚಟವನ್ನೂ ಹೀಗೆ ವಿವರಿಸಲಾಗದು. ದುಡುಕು ಸ್ವಭಾವವೇ ಎಷ್ಟೋ ಜನರನ್ನು ಮಾದಕವಸ್ತುವಿನ ಹತ್ತಿರ ಒಯ್ಯುತ್ತದೆ, ಅಲ್ಲಿ ನೋವು ನಿವಾರಣೆಯ ಪ್ರಶ್ನೆಯೇ ಇರುವುದಿಲ್ಲ.

ರೋಗ ಪತ್ತೆಯಲ್ಲೇ ಮೊದಲ ತೊಡಕು. ಆಂಫೆಟಮಿನ್ ಏರಿದಾಗ ಮಾತು ಹೆಚ್ಚು, ಚಡಪಡಿಕೆ ಹೆಚ್ಚು. ಇಳಿದಾಗ ಮಂಕು, ಏಕಾಗ್ರತೆ ಸೊನ್ನೆ, ನಿದ್ದೆ ಅಡ್ಡಾದಿಡ್ಡಿ. ಎರಡೂ ಹೊತ್ತಿನಲ್ಲಿ ಆತ ಎಡಿಎಚ್‌ಡಿ ಇರುವವನಂತೆಯೇ ಕಾಣುತ್ತಾನೆ. ಹಾಗಾಗಿ ಹಳೆಯ ಪದ್ಧತಿಯಲ್ಲಿ ಹಲವು ವಾರ, ಕೆಲವೆಡೆ ತಿಂಗಳುಗಟ್ಟಲೆ ಸಂಪೂರ್ಣವಾಗಿ ಬಿಟ್ಟಿದ್ದರೆ ಮಾತ್ರ ಪರೀಕ್ಷೆ. ಆದರೆ ಗಮನ ನಿಲ್ಲದ, ತಾಳ್ಮೆ ಇಲ್ಲದ, ಹೇಳಿದ ದಿನ ಆಸ್ಪತ್ರೆಗೆ ಬರುವುದನ್ನೇ ಮರೆಯುವ ಮನುಷ್ಯ ಚಿಕಿತ್ಸೆಯಿಲ್ಲದೆ ಆ ತಿಂಗಳುಗಳನ್ನು ದಾಟುವುದು ಹೇಗೆ? ಬಿಡಲು ಬೇಕಾದ ಶಕ್ತಿಯನ್ನು ಕಸಿದುಕೊಂಡಿರುವ ಕಾಯಿಲೆಗೆ, ಬಿಟ್ಟು ಬಂದರೆ ಮಾತ್ರ ಔಷಧ ಎನ್ನುತ್ತೇವೆ.

ಈ ಗಂಟನ್ನು ಬಿಡಿಸುವ ದಾರಿ ಬಾಲ್ಯದಲ್ಲಿದೆ. ಎಡಿಎಚ್‌ಡಿ ಇದ್ದಕ್ಕಿದ್ದಂತೆ ಇಪ್ಪತ್ತೈದರಲ್ಲಿ ಬರುವುದಿಲ್ಲ. 2013ರಲ್ಲಿ ಪರಿಷ್ಕರಿಸಿದ ಅಮೆರಿಕದ ರೋಗನಿರ್ಣಯ ಕೈಪಿಡಿಯ ಪ್ರಕಾರ ಹನ್ನೆರಡು ವರ್ಷದೊಳಗೇ ಲಕ್ಷಣಗಳು ಕಾಣಿಸಿಕೊಂಡಿರಬೇಕು. ಚಟ ಹತ್ತುವ ಮೊದಲಿನ ಕಾಲ ಅದು. ಆದ್ದರಿಂದ ತಾಯಿ, ಅಕ್ಕ, ಹಳೆಯ ಶಾಲೆಯ ಅಂಕಪಟ್ಟಿ ಇವೇ ಇಲ್ಲಿ ಪ್ರಯೋಗಾಲಯ. ಕರೆತಂದ ತಾಯಿ 'ಇವನು ಚಿಕ್ಕಂದಿನಿಂದಲೂ ಹೀಗೇ ಸಾರ್, ಒಂದು ಕಡೆ ಕೂತವನೇ ಅಲ್ಲ, ದಿನಾ ಒಂದು ಪೆನ್ನು ಕಳ್ಕೊಂಡು ಬರ್ತಿದ್ದ' ಎಂದರೆ ಆ ಮಾತಿಗೆ ಮೂತ್ರ ಪರೀಕ್ಷೆಗಿಂತ ಹೆಚ್ಚು ಬೆಲೆ ಕೊಡಬೇಕು. ಎಡಿಎಚ್‌ಡಿ ಮತ್ತು ವ್ಯಸನ ಎರಡರಲ್ಲೂ ಕೆಲಸ ಮಾಡಿದ ಹಲವು ದೇಶಗಳ ತಜ್ಞರು 2018ರಲ್ಲಿ ಒಮ್ಮತಕ್ಕೆ ಬಂದು ಹೇಳಿದ್ದು ಇದನ್ನೇ: ಚಟದ ಚಿಕಿತ್ಸೆಗೆ ಬಂದವರಲ್ಲಿ ಎಡಿಎಚ್‌ಡಿಯನ್ನು ಆದಷ್ಟು ಬೇಗ ಹುಡುಕಿ, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಿ.

ಇನ್ನು ಆ ದೊಡ್ಡ ಭಯದ ವಿಷಯ. ಕೊಕೇನ್, ಆಂಫೆಟಮಿನ್, ಮೀಥೈಲ್‌ಫೆನಿಡೇಟ್ ಮೂರೂ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಏರಿಸುತ್ತವೆ. ಅಷ್ಟು ಮಟ್ಟಿಗೆ ಅವು ಒಂದೇ ಕುಟುಂಬ. ಆದರೆ ಅಮೆರಿಕದ ಮನೋವೈದ್ಯೆ ನೋರಾ ವೋಲ್ಕೋವ್ ಮಿದುಳಿನ ಸ್ಕ್ಯಾನ್‌ಗಳ ಮೂಲಕ ತೋರಿಸಿದ ಒಂದು ಸಂಗತಿ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ರಕ್ತನಾಳಕ್ಕೆ ಕೊಟ್ಟ ಕೊಕೇನ್ ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿನಲ್ಲಿ ತನ್ನ ತುದಿ ಮುಟ್ಟುತ್ತದೆ. ಚುಚ್ಚಿಕೊಂಡ ಮೀಥೈಲ್‌ಫೆನಿಡೇಟ್‌ಗೂ ಎಂಟು ಹತ್ತು ನಿಮಿಷ ಸಾಕು. ಅದೇ ಮಾತ್ರೆಯನ್ನು ಬಾಯಿಂದ ನುಂಗಿದರೆ ಒಂದು ಗಂಟೆ ಬೇಕು. ನಶೆ ಏರುವುದು ಈ ವೇಗದಿಂದ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಡೋಪಮಿನ್ ಗಮನಕ್ಕೆ ಒದಗುತ್ತದೆ, ನಶೆಗೆ ಒದಗುವುದಿಲ್ಲ. ಅಂದಮೇಲೆ ಕೇಳಬೇಕಾದ ಪ್ರಶ್ನೆ ಯಾವ ಔಷಧ ಎನ್ನುವುದಷ್ಟೇ ಅಲ್ಲ, ಅದು ಎಷ್ಟು ಬೇಗ ಮಿದುಳು ಮುಟ್ಟುತ್ತದೆ ಎನ್ನುವುದು ಕೂಡ.

ಸ್ವೀಡನ್ನಿನ ಕೈದಿಗಳಿಗೆ ಕೊಟ್ಟ ಮಾತ್ರೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹೊರಗಡೆ ಗಟ್ಟಿಯಾದ ಚಿಪ್ಪು, ಅದರ ಒಂದು ತುದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ತೂತು. ಚಿಪ್ಪಿನ ಮೇಲೆ ಬಳಿದ ತೆಳು ಪದರದಲ್ಲಿ ಒಟ್ಟು ಔಷಧದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಇರುತ್ತದೆ, ಅದು ಬೇಗ ಕರಗುತ್ತದೆ. ಉಳಿದದ್ದೆಲ್ಲ ಒಳಗೆ. ಚಿಪ್ಪು ನೀರನ್ನು ಮಾತ್ರ ಒಳಗೆ ಬಿಡುತ್ತದೆ. ನೀರು ಹೀರಿದ ಒಳಪದರ ಊದುತ್ತ ಊದುತ್ತ ಔಷಧವನ್ನು ಆ ತೂತಿನ ಮೂಲಕ ಇಷ್ಟಿಷ್ಟೇ ಹೊರದೂಡುತ್ತದೆ, ಹೀಗೆ ದಿನವಿಡೀ. ಕೊನೆಗೆ ಖಾಲಿ ಚಿಪ್ಪು ಮಲದಲ್ಲಿ ಹಾಗೇ ಹೊರಹೋಗುತ್ತದೆ. ಇದನ್ನು ಕುಟ್ಟಿ ನೀರಿಗೆ ಹಾಕಿದರೆ ಸಿರಿಂಜಿಗೆ ಸುಲಭವಾಗಿ ಸಿಗದ ಅಂಟು ಮುದ್ದೆಯಾಗುತ್ತದೆ. 1968ರಲ್ಲಿ ಸ್ವೀಡನ್ ಹೆದರಿದ ಮಾತ್ರೆಗೂ ಇದಕ್ಕೂ ಒಳಗಿನ ಮದ್ದು ಒಂದೇ, ಕೆಲಸ ಮಾಡುವ ರೀತಿ ಬೇರೆ. ಲಿಸ್‌ಡೆಕ್ಸಾಂಫೆಟಮಿನ್ ಎಂಬ ಇನ್ನೊಂದು ಔಷಧ ಬೇರೆ ಉಪಾಯ ಹೂಡುತ್ತದೆ. ಅದರಲ್ಲಿ ಆಂಫೆಟಮಿನ್‌ಗೆ ಲೈಸಿನ್ ಎಂಬ ಅಮೈನೊ ಆಮ್ಲವನ್ನು ಕಟ್ಟಿಹಾಕಿದ್ದಾರೆ. ಕೆಂಪು ರಕ್ತಕಣಗಳು ಆ ಕಟ್ಟನ್ನು ಬಿಚ್ಚಿದ ಮೇಲೆಯೇ ಅದು ಕೆಲಸಕ್ಕೆ ಬರುವುದು. ಬಿಚ್ಚುವುದಕ್ಕೆ ಹೊತ್ತು ಬೇಕು, ಆದ್ದರಿಂದ ಚುಚ್ಚಿಕೊಂಡರೂ ಮೂಗಿಗೆಳೆದರೂ ಅವಸರ ಮಾಡಿದವನಿಗೆ ಹೆಚ್ಚಿನ ಲಾಭವಿಲ್ಲ.

ಸಿದ್ಧಾಂತ ಸರಿ, ಫಲಿತಾಂಶ ಬಂತೇ? ಬಹಳ ಕಾಲ ಬರಲಿಲ್ಲ, ಅದನ್ನು ಮುಚ್ಚಿಡಬಾರದು. ಕೊನ್‌ಸ್ಟೇನಿಯಸ್ ಅವರ ತಂಡವೇ 2010ರಲ್ಲಿ 24 ಜನರ ಮೇಲೆ ಮಾಡಿದ ಮೊದಲ ಪ್ರಯೋಗದಲ್ಲಿ ದಿನಕ್ಕೆ 72 ಮಿಲಿಗ್ರಾಂ ಕೊಟ್ಟಿದ್ದರು. ನಿಜ ಮಾತ್ರೆ ತಿಂದವರಿಗೂ ಔಷಧವಿಲ್ಲದ ಮಾತ್ರೆ ತಿಂದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಮೆರಿಕದಲ್ಲಿ 303 ಹದಿಹರೆಯದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಅಷ್ಟೇ. ಇಂಥ ಫಲಿತಾಂಶಗಳನ್ನು ನೋಡಿ ಹಲವರು ಇದು ನಡೆಯದ ದಾರಿ ಎಂದು ಕೈಬಿಟ್ಟರು.

ಸ್ವೀಡನ್ನಿನ ತಂಡ ಮಾತ್ರ ಬೇರೆ ಪ್ರಶ್ನೆ ಕೇಳಿಕೊಂಡಿತು. ವರ್ಷಗಟ್ಟಲೆ ಆಂಫೆಟಮಿನ್ ಕಂಡ ಮಿದುಳಿಗೆ ಮಾಮೂಲಿ ಡೋಸು ಸಾಕಾಗುತ್ತದೆಯೇ? ಅಲ್ಲಿಂದ ಹುಟ್ಟಿದ್ದೇ 180 ಮಿಲಿಗ್ರಾಂನ ಯೋಚನೆ. ಚಿಕಿತ್ಸೆ ಶುರುಮಾಡಿದ ಹೊತ್ತೂ ಅಷ್ಟೇ ಮುಖ್ಯ. ಬಿಡುಗಡೆಗೆ ಎರಡು ವಾರ ಇರುವಾಗಲೇ, ಜೈಲಿನೊಳಗೇ, 18 ಮಿಲಿಗ್ರಾಂನಿಂದ ಆರಂಭಿಸಿ ಮೆಲ್ಲಗೆ ಏರಿಸಿದರು. ಜೈಲಿನ ಬಾಗಿಲು ದಾಟಿದ ಮೊದಲ ದಿನಗಳಲ್ಲೇ ಹೆಚ್ಚಿನವರು ಮತ್ತೆ ಹಳೆಯ ಗೆಳೆಯರ ಕೈಗೆ ಸಿಗುವುದು. ಆ ದಿನ ಬರುವಷ್ಟರಲ್ಲಿ ಔಷಧ ಮೈಯಲ್ಲಿರಲಿ ಎನ್ನುವ ಲೆಕ್ಕ. ಹೊರಬಂದ ಮೇಲೆ ವಾರಕ್ಕೆ ಎರಡು ಸಲ ಕ್ಲಿನಿಕ್ಕಿಗೆ ಬರಬೇಕು, ಮೂತ್ರ ಕೊಡಬೇಕು, ಜೊತೆಗೆ ಆಪ್ತಸಮಾಲೋಚನೆ. ಒಟ್ಟು 24 ವಾರ.

ಔಷಧ ತಿಂದವರಲ್ಲಿ ಎಡಿಎಚ್‌ಡಿ ಲಕ್ಷಣಗಳು ಸ್ಪಷ್ಟವಾಗಿ ಇಳಿದವು, ಚಿಕಿತ್ಸೆಯಲ್ಲಿ ಅವರು ಹೆಚ್ಚು ಕಾಲ ಉಳಿದರು. ಮಾದಕವಸ್ತು ಇಲ್ಲದ ಮೂತ್ರದ ಮಾದರಿಗಳ ಪ್ರಮಾಣ ಅವರಲ್ಲಿ ಶೇ 23, ಔಷಧವಿಲ್ಲದ ಮಾತ್ರೆ ತಿಂದವರಲ್ಲಿ ಶೇ 16. ಈ ಅಂತರ ದೊಡ್ಡದಲ್ಲ. ಔಷಧ ಸಿಕ್ಕವರ ಮಾದರಿಗಳಲ್ಲೂ ಹೆಚ್ಚಿನವು ಶುದ್ಧವಾಗಿರಲಿಲ್ಲ. ಆದರೂ ನನಗೆ ಇಲ್ಲಿ ಭರವಸೆ ಕೊಡುವುದು ಅವರು ಚಿಕಿತ್ಸೆಯಲ್ಲಿ ಉಳಿದ ಸಂಗತಿ. ಚಟದ ಚಿಕಿತ್ಸೆಯಲ್ಲಿ ಮುಂದಿನದೆಲ್ಲ ನಡೆಯುವುದು ಮನುಷ್ಯ ಮತ್ತೆ ಬಾಗಿಲು ತಟ್ಟಿದರೆ ಮಾತ್ರ.

ಮರುವರ್ಷ ಇನ್ನೂ ಬಲವಾದ ಸಾಕ್ಷಿ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಲೆವಿನ್ ನೇತೃತ್ವದಲ್ಲಿ ಕೊಕೇನ್ ಚಟ ಮತ್ತು ಎಡಿಎಚ್‌ಡಿ ಎರಡೂ ಇದ್ದ 126 ವಯಸ್ಕರಿಗೆ ನಿಧಾನವಾಗಿ ಬಿಡುಗಡೆಯಾಗುವ ಆಂಫೆಟಮಿನ್ ಮಾತ್ರೆ ಕೊಟ್ಟು ನೋಡಿದರು. ಒಂದು ಗುಂಪಿಗೆ 80 ಮಿಲಿಗ್ರಾಂ, ಇನ್ನೊಂದಕ್ಕೆ 60, ಮೂರನೆಯದಕ್ಕೆ ಔಷಧವಿಲ್ಲದ ಮಾತ್ರೆ. 13 ವಾರಗಳ ಪ್ರಯೋಗದ ಕೊನೆಯ ಮೂರು ವಾರ ಕೊಕೇನ್ ಮುಟ್ಟದೆ ಇದ್ದವರು 80ರ ಗುಂಪಿನಲ್ಲಿ ಶೇ 30, 60ರ ಗುಂಪಿನಲ್ಲಿ ಶೇ 17.5, ಮೂರನೆಯದರಲ್ಲಿ ಶೇ 7. ಈ ಪ್ರಯೋಗದಲ್ಲೂ ಡೋಸಿನ ಮಾತೇ ಎದ್ದು ಕಾಣುತ್ತದೆ. ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ 2017ರ ಇನ್ನೊಂದು ಅಧ್ಯಯನದ ಪ್ರಕಾರ, ಎಡಿಎಚ್‌ಡಿ ಜೊತೆಗೆ ಚಟದ ಇತಿಹಾಸವೂ ಇರುವವರಿಗೆ ವೈದ್ಯರು ಕೊಡುತ್ತಿದ್ದ ಮೀಥೈಲ್‌ಫೆನಿಡೇಟ್ ಡೋಸು ಉಳಿದವರಿಗಿಂತ ಸುಮಾರು ಶೇ 40ರಷ್ಟು ಹೆಚ್ಚಿತ್ತು. ಪ್ರಯೋಗದ ಕೋಣೆಯಾಚೆ, ಮಾಮೂಲಿ ಕ್ಲಿನಿಕ್ಕುಗಳಲ್ಲೂ ಅದೇ ಕಥೆ.

ಔಷಧ ಕೊಟ್ಟರೆ ಚಟ ಹೆಚ್ಚಾಗುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ದಾಖಲೆಗಳು ಬೇರೆಯದೇ ಉತ್ತರ ಕೊಡುತ್ತವೆ. ಅಮೆರಿಕದಲ್ಲಿ ಸುಮಾರು 30 ಲಕ್ಷ ಎಡಿಎಚ್‌ಡಿ ರೋಗಿಗಳ ವಿಮಾ ದಾಖಲೆಗಳನ್ನು ನೋಡಿದ 2017ರ ಅಧ್ಯಯನದಲ್ಲಿ, ಒಬ್ಬನೇ ವ್ಯಕ್ತಿ ಔಷಧ ತೆಗೆದುಕೊಂಡ ತಿಂಗಳುಗಳಲ್ಲಿ ಮಾದಕವಸ್ತುವಿನಿಂದಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವಂಥ ಘಟನೆಗಳು ಔಷಧವಿಲ್ಲದ ತಿಂಗಳುಗಳಿಗಿಂತ ಗಂಡಸರಲ್ಲಿ ಶೇ 35, ಹೆಂಗಸರಲ್ಲಿ ಶೇ 31ರಷ್ಟು ಕಡಿಮೆಯಿದ್ದವು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆಂಫೆಟಮಿನ್ ಚಟ ಇರುವ 13,965 ಸ್ವೀಡನ್ ನಿವಾಸಿಗಳದ್ದು. ಲಿಸ್‌ಡೆಕ್ಸಾಂಫೆಟಮಿನ್ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಚಟದ ಕಾರಣಕ್ಕೆ ಆಸ್ಪತ್ರೆ ಸೇರುವುದು ಶೇ 18ರಷ್ಟು ಇಳಿದಿತ್ತು, ಸಾವಿನ ಅಪಾಯವೂ ಕಡಿಮೆ ಇತ್ತು. ಇಂಥ ದಾಖಲೆಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ. ಬದುಕು ಒಂದಿಷ್ಟು ಹಿಡಿತಕ್ಕೆ ಬಂದ ತಿಂಗಳಲ್ಲೇ ಮನುಷ್ಯ ಮಾತ್ರೆಯನ್ನೂ ಸರಿಯಾಗಿ ನುಂಗುತ್ತಿರಬಹುದು. ಆದರೆ ಔಷಧದಿಂದ ಚಟ ಉಲ್ಬಣಿಸುತ್ತದೆ ಎನ್ನುವವರಿಗೆ ಈ ಅಂಕಿಗಳಲ್ಲಿ ಆಸರೆ ಸಿಗುವುದಿಲ್ಲ.

ಅಪಾಯ ಇಲ್ಲವೆಂದಲ್ಲ. ಡೋಸು ಏರಿಸುವ ಮಾತೇ ಇಲ್ಲಿ ಎರಡು ಅಲಗಿನ ಕತ್ತಿ. ಉತ್ತೇಜಕಗಳು ಕೆಲವರಲ್ಲಿ ಭ್ರಮೆ, ಅನುಮಾನದ ಸೈಕೋಸಿಸ್ ತರುತ್ತವೆ. ಅಮೆರಿಕದ 2019ರ ಅಧ್ಯಯನದ ಪ್ರಕಾರ ಎಡಿಎಚ್‌ಡಿಗೆ ಔಷಧ ಶುರುಮಾಡಿದ ಹದಿಹರೆಯದವರು ಮತ್ತು ಯುವಜನರಲ್ಲಿ ಸುಮಾರು 660ರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಮೀಥೈಲ್‌ಫೆನಿಡೇಟ್‌ಗಿಂತ ಆಂಫೆಟಮಿನ್ ಮಾತ್ರೆಗಳಲ್ಲಿ ಹೆಚ್ಚು. ಆಂಫೆಟಮಿನ್ ಡೋಸು ಏರಿದಂತೆ ಈ ಅಪಾಯವೂ ಏರುತ್ತದೆ ಎಂದು 2024ರ ಅಧ್ಯಯನ ಹೇಳಿತು. ಹಿಂದೆ ಆಂಫೆಟಮಿನ್‌ನಿಂದ ಭ್ರಮೆಗೆ ಜಾರಿದ್ದವನಿಗೆ ದೊಡ್ಡ ಡೋಸು ಕೊಡುವ ಮೊದಲು ವೈದ್ಯ ಹತ್ತು ಸಲ ಯೋಚಿಸಲೇಬೇಕು. ರಕ್ತದೊತ್ತಡ, ಹೃದಯದ ಬಡಿತ ಏರುತ್ತವೆ. ವರ್ಷಗಟ್ಟಲೆ ಕೊಕೇನ್ ಕಂಡ ಹೃದಯ ಮೊದಲೇ ಗಟ್ಟಿಯಾಗಿರುವುದಿಲ್ಲ, ಇಸಿಜಿ ಇಲ್ಲದೆ ಆರಂಭಿಸುವಂತಿಲ್ಲ. ಮಾತ್ರೆಯನ್ನು ಮಾರಿಕೊಳ್ಳುವ, ಹಂಚಿಕೊಳ್ಳುವ ಸಾಧ್ಯತೆಯಂತೂ 1967ರ ಸ್ಟಾಕ್‌ಹೋಮ್‌ನಲ್ಲಿ ಇದ್ದ ಹಾಗೆಯೇ ಇಂದೂ ಇದೆ.

ಆದ್ದರಿಂದ ಇಲ್ಲಿ ಚಿಕಿತ್ಸೆ ಎಂದರೆ ಮಾತ್ರೆಯ ಸುತ್ತ ಕಟ್ಟುವ ಏರ್ಪಾಡು. ಒಂದು ವಾರಕ್ಕಾಗುವಷ್ಟೇ ಮಾತ್ರೆ, ಬೇಕಿದ್ದರೆ ದಿನಾ ನರ್ಸ್ ಎದುರಿಗೇ ನುಂಗುವುದು, ಇಲ್ಲವೇ ಮನೆಯಲ್ಲಿ ನಂಬಿಕೆಯ ಒಬ್ಬರ ಕೈಯಲ್ಲಿ ಡಬ್ಬಿ. ಆಗಾಗ ಮೂತ್ರ ಪರೀಕ್ಷೆ. ಅದರಲ್ಲಿ ಮಾದಕವಸ್ತು ಕಂಡರೆ ಹೊರಗೆ ಹಾಕುವ ಬದಲು ಡೋಸು, ಪರಿಸ್ಥಿತಿ ಎರಡನ್ನೂ ಮತ್ತೆ ಪರಿಶೀಲಿಸುವುದು. 1960ರ ದಶಕದ ಸ್ವೀಡನ್ ಪ್ರಯೋಗದಲ್ಲಿ ಇಲ್ಲದಿದ್ದದ್ದು ಈ ಏರ್ಪಾಡು. 2014ರದ್ದರಲ್ಲಿ ಇದ್ದದ್ದೂ ಇದೇ. ಅಮೆರಿಕದ ವ್ಯಸನ ವೈದ್ಯರ ಎರಡು ಸಂಘಗಳು 2023ರ ನವೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿಯೂ, ಲಾಭ ಅಪಾಯಕ್ಕಿಂತ ಹೆಚ್ಚೆಂದು ಕಂಡಲ್ಲಿ ಇಂಥ ನಿಗಾದೊಂದಿಗೆ ಉತ್ತೇಜಕ ಔಷಧ ಕೊಡಲು ದಾರಿ ಬಿಟ್ಟಿದೆ. ಎಡಿಎಚ್‌ಡಿಗೆ ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಎಂಬ ಔಷಧ ಇದೆಯಲ್ಲ ಎನ್ನಬಹುದು. ಇದೆ, ಅದರ ನಶೆ ಯಾರಿಗೂ ಬೇಡ, ಅದು ಅದರ ಗುಣ. ಆದರೆ ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು. ಅಷ್ಟು ದಿನ ಕಾಯುವ ತಾಳ್ಮೆ ಈ ರೋಗಿಗಳಲ್ಲಿ ಎಲ್ಲರಿಗೂ ಇರುವುದಿಲ್ಲ.

ನಮ್ಮ ಕಡೆಗೆ ಬಂದರೆ ಪ್ರಮಾಣ ಬೇರೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮದ್ಯ ಬಳಸುವವರು ಶೇ 14.6 ಇದ್ದರೆ, ಆಂಫೆಟಮಿನ್ ಜಾತಿಯ ಉತ್ತೇಜಕ ಬಳಸುವವರು ಶೇ 0.18, ಕೊಕೇನ್ ಬಳಸುವವರು ಶೇ 0.10. ಸಂಖ್ಯೆ ಚಿಕ್ಕದು, ಆದರೆ ಇಂಥ ವಸ್ತುಗಳ ಬಳಕೆ ಬೆಂಗಳೂರಿನಂಥ ನಗರಗಳಲ್ಲಿ ಬೇರೂರುವುದೇ ಹೆಚ್ಚು. ಆಂಫೆಟಮಿನ್ ಜಾತಿಯದೇ ಆದ ಎಂಡಿಎಂಎ ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಪೊಲೀಸ್ ಸುದ್ದಿಯಾಗಿ ಬಂದು ಅಲ್ಲಿಗೇ ಮುಗಿಯುತ್ತದೆ. ಹಿಡಿದ ಹುಡುಗರಲ್ಲಿ ಎಷ್ಟು ಜನಕ್ಕೆ ಬಾಲ್ಯದಿಂದ ಎಡಿಎಚ್‌ಡಿ ಇತ್ತು ಎಂದು ಆ ಸುದ್ದಿಗಳು ಕೇಳುವುದಿಲ್ಲ.

ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಸಿಗುತ್ತದೆ, ಆದರೆ ಷೆಡ್ಯೂಲ್ ಎಕ್ಸ್ ಪಟ್ಟಿಯ ಔಷಧವಾಗಿ. ಸ್ವೀಡನ್ನನ್ನು ಕಾಡಿದ ಫೆನ್ಮೆಟ್ರಜಿನ್ ಕೂಡ ಅದೇ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. ಎಲ್ಲ ಮೆಡಿಕಲ್ ಶಾಪ್‌ಗಳೂ ಆ ಲೈಸೆನ್ಸ್ ಮಾಡಿಸಿರುವುದಿಲ್ಲ. ಈ ಬಿಗಿ ಕೆಟ್ಟದ್ದಲ್ಲ, ಚಟದ ಇತಿಹಾಸ ಇರುವವರ ವಿಷಯದಲ್ಲಿ ಅಗತ್ಯವೂ ಹೌದು. ಆದರೆ ಜಿಲ್ಲೆಯ ರೋಗಿ ಪ್ರತಿ ವಾರ ಒಂದೊಂದು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾದರೆ, ಮರೆವು ಮತ್ತು ತಾಳ್ಮೆಗೇಡಿತನವೇ ಕಾಯಿಲೆಯಾಗಿರುವವನು ಎರಡನೇ ವಾರಕ್ಕೇ ಕೈಬಿಡುತ್ತಾನೆ. ವಾರದ ಮಾತ್ರೆಯನ್ನು ಆಸ್ಪತ್ರೆಯ ಔಷಧಾಲಯವೇ ಕೊಡುವ ವ್ಯವಸ್ಥೆಯಾದರೆ ಬಿಗಿಯೂ ಉಳಿಯುತ್ತದೆ, ರೋಗಿಯೂ ಉಳಿಯುತ್ತಾನೆ.

ಕಾನೂನಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಬಾಗಿಲೂ ಇದೆ. ಎನ್‌ಡಿಪಿಎಸ್ ಎಂಬ ಮಾದಕವಸ್ತು ತಡೆ ಕಾಯ್ದೆಯ 64ಎ ಕಲಂ ಪ್ರಕಾರ, ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮುಗಿಸದಿದ್ದರೆ ಆ ರಕ್ಷಣೆ ಹೋಗಬಹುದು. ಹಿಡಿದ ಕೆಲಸ ಮುಗಿಸಲಾಗದಿರುವುದು ಎಡಿಎಚ್‌ಡಿಯ ಮುಖ್ಯ ಲಕ್ಷಣ. ಅದನ್ನು ಪತ್ತೆ ಮಾಡದೆ, ಚಿಕಿತ್ಸೆ ಕೊಡದೆ ಈ ಕಲಮಿನ ಷರತ್ತನ್ನು ಪಾಲಿಸು ಎಂದರೆ ಆತ ಮತ್ತೆ ಕೋರ್ಟಿಗೇ ಹೋಗುತ್ತಾನೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಮಕ್ಕಳ ಮನೋವೈದ್ಯ ವಿಭಾಗವೂ ಅಲ್ಲೇ ಇದೆ. ಈ ಎರಡೂ ಪರಿಣತಿ ಒಂದೇ ಸೂರಿನಡಿ ಸಿಗದ ಜಿಲ್ಲಾ ಆಸ್ಪತ್ರೆ ಮತ್ತು ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲಿ ಆಗಬೇಕಾದ್ದು ಹೆಚ್ಚು. ಆರಂಭಿಸಲು ಹಣ ಬೇಕಿಲ್ಲ. ವಯಸ್ಕರ ಎಡಿಎಚ್‌ಡಿ ಶಂಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಪಟ್ಟಿ 2005ರಿಂದಲೂ ಇದೆ, ಐದು ನಿಮಿಷದಲ್ಲಿ ಮುಗಿಯುತ್ತದೆ. ಚಟ ಇರುವವರಲ್ಲಿ ಅದು ಕೆಲವರನ್ನು ಸುಮ್ಮನೆ ಶಂಕಿಸುತ್ತದೆ, ಆದ್ದರಿಂದ ಅದೇ ಅಂತಿಮವಲ್ಲ. ಆದರೆ ದಾಖಲಾಗುವ ದಿನ ಆ ಆರು ಪ್ರಶ್ನೆ, ಆಮೇಲೆ ಜೊತೆಗೆ ಬಂದ ತಾಯಿ ಅಥವಾ ಅಣ್ಣನನ್ನು ಕೂರಿಸಿಕೊಂಡು 'ಮೂರನೇ ಕ್ಲಾಸಿನಲ್ಲಿ ಇವನು ಹೇಗಿದ್ದ?' ಎಂದು ಅರ್ಧ ಗಂಟೆಯ ಮಾತು. ಈಗ ದಾಖಲಾತಿ ಫಾರಂನಲ್ಲಿ ಎಷ್ಟು ವರ್ಷದಿಂದ ಕುಡಿತ, ಯಾವ ಪುಡಿ, ಯಾವ ಮಾತ್ರೆ ಎಂಬುದಕ್ಕೆಲ್ಲ ಜಾಗ ಇರುತ್ತದೆ. ಬಾಲ್ಯಕ್ಕೂ ಅಲ್ಲಿ ಎರಡು ಸಾಲು ಬಿಡಬೇಕು.